ತಾಳೆಗರಿಯೋ ಬೆಂಗಳೂರೋ: ಅಣ್ಣನ ಮಗಳಿಗೆ ಒಂದು ಉದ್ದದ ಉತ್ತರ

ಮಗಳೇ, ಬೆಳಿಗ್ಗೆ ನೀನು ನಮ್ಮ ಮನೆಯವರ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರಗಳನ್ನೂ ಈಗಷ್ಟೇ ಓದಿ ಮುಗಿಸಿದೆ. ಟೈಪ್ ಮಾಡುತ್ತಾ ಕುಳಿತರೆ ಸಂಜೆಯಾದೀತು, ಅದಕ್ಕೆ ಮಾತಿನಲ್ಲೇ ಹೇಳುತ್ತೇನೆ. ಉದ್ದವಾಗುತ್ತದೆ. ಕೇಳುವ ತಾಳ್ಮೆ ಇಲ್ಲದವರು ಅತ್ತಿಗೆ ನಿನ್ನೆ ಹಾಕಿದ ಹಲಸಿನ ಹಪ್ಪಳದ ಫೋಟೋಗಳನ್ನು ನೋಡುತ್ತಾ ಇರಿ.

ಮೊದಲಿನಿಂದ ಓದದವರಿಗಾಗಿ ವಿಷಯ ಇಷ್ಟು. ಕಂಪ್ಯೂಟರ್ ಇಂಜಿನಿಯರಿಂಗ್ ಮುಗಿಸಿದ ನಮ್ಮ ಹುಡುಗಿ ಉಡುಪಿಯ ಒಂದು ಸಂಸ್ಥೆಯಲ್ಲಿ ತಾಳೆಗರಿ ಗ್ರಂಥಗಳನ್ನು ಸ್ಕ್ಯಾನ್ ಮಾಡಿ, ಓದಿ, ಪಟ್ಟಿ ಮಾಡುವ ಕೆಲಸದಲ್ಲಿದ್ದಾಳೆ. ಕೈಗೆ ಬರುವುದು 20,000 ರೂಪಾಯಿ. ಈಗ ಬೆಂಗಳೂರಿನ ಕಂಪನಿಯೊಂದು ಕೈಗೆ 75,000 ಬರುವ ಕೆಲಸ ಕೊಡುತ್ತೇನೆ ಎಂದಿದೆ. ವಿದ್ಯಾಭ್ಯಾಸದ ಸಾಲ ಆರು ಲಕ್ಷ ಬಾಕಿ ಇದೆ. ಭಾವ ಬರೆದರು, ಮನಸ್ಸಿಗೆ ಹಿಡಿಸಿದ ಕೆಲಸ ಸಿಕ್ಕಿದವನಿಗೆ ದುಡಿಮೆಯ ಆಯಾಸವೇ ತಿಳಿಯುವುದಿಲ್ಲ ಎಂದು. ದೊಡ್ಡಣ್ಣ ಬರೆದ, ಮೊದಲು ಸಂಬಳ, ತಾಳೆಗರಿಯನ್ನು ಭಾನುವಾರ ಓದಿದರಾಯಿತು ಎಂದು. ಅದರ ಕೆಳಗೆ ಹದಿಮೂರು ಜನ ಕೈ ಮುಗಿಯುವ ಚಿತ್ರ ಹಾಕಿದ್ದಾರೆ. ಯಾರ ಮಾತಿಗೆ ಕೈ ಮುಗಿದರು ಎಂಬುದು ನನಗೆ ತಿಳಿಯಲಿಲ್ಲ.

ಭಾವ, ಬೇಸರ ಮಾಡಿಕೊಳ್ಳಬೇಡಿ. ಆ ಮಾತನ್ನು ಹೇಳುವುದಕ್ಕೆ ನಿಮ್ಮ ಹಿಂದೆ ಅಡಿಕೆ ತೋಟವಿದೆ. ಇವಳ ಹಿಂದೆ ಇರುವುದು ಸಾಲದ ಖಾತೆ.

ದೊಡ್ಡಣ್ಣನ ಮಾತಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಅದು ನಮ್ಮ ಊರಿನಲ್ಲಿ ಒಂದು ಕಾಲಕ್ಕೆ ನಿಜವಾಗಿಯೇ ನಡೆಯುತ್ತಿತ್ತು. ಇಲ್ಲಿ ಬ್ಯಾಂಕುಗಳು ಹುಟ್ಟಿದ ಬಗೆ ನೆನಪಿದೆಯಲ್ಲ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, ಅದೇ ವರ್ಷ ಮಂಗಳೂರಿನಲ್ಲಿ ಕೆನರಾ. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಐದು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಮನೆಗೊಬ್ಬರು ಬ್ಯಾಂಕಿನವರು ಎನ್ನುವಂತಿತ್ತು. ಬಡ್ತಿ ಸಿಕ್ಕಿ ಆಫೀಸರ್ ಆದರೆ ವರ್ಗಾವಣೆ, ಅದೂ ಬಿಹಾರಕ್ಕೋ ಅಸ್ಸಾಮಿಗೋ ಹೇಳಲಾಗದು. ಹಾಗಾಗಿ ಬಡ್ತಿಯೇ ಬೇಡವೆಂದು ಬರೆದುಕೊಟ್ಟು, ಗುಮಾಸ್ತರಾಗಿಯೇ ನಿವೃತ್ತರಾದವರು ನಮ್ಮ ಕೌಂಟರುಗಳ ಹಿಂದೆ ಎಷ್ಟೋ ಮಂದಿ ಇದ್ದರು. ಹಗಲು ಲೆಡ್ಜರ್ ಬರೆದು ಸಂಜೆ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಪಾತ್ರಗಳ ಅರ್ಥ ಹೇಳುತ್ತಿದ್ದರು. ನಮ್ಮ ಶಾಖೆಯಲ್ಲೇ ಒಬ್ಬರಿದ್ದರು. ಕರ್ಣನ ಅರ್ಥ ಹೇಳಿದ ಮರುದಿನವೂ ಅವರ ಡೇ ಬುಕ್ಕಿನಲ್ಲಿ ಒಂದು ಪೈಸೆ ಹೆಚ್ಚುಕಡಿಮೆ ಇರುತ್ತಿರಲಿಲ್ಲ.

ಅವರಿಗೆ ಅದು ಸಾಧ್ಯವಾದದ್ದು ಹೇಗೆ? ಗುಮಾಸ್ತನ ಸಂಬಳ ಸಂಸಾರಕ್ಕೆ ಸಾಕಾಗುತ್ತಿತ್ತು, ಸಂಜೆ ಲೆಕ್ಕ ತಾಳೆಯಾದ ಮೇಲೆ ಬ್ಯಾಂಕು ಅವರನ್ನು ಬಿಟ್ಟುಕೊಡುತ್ತಿತ್ತು. ದುಡ್ಡಿಗಿಂತ ದೊಡ್ಡ ಸಂಗತಿ ಅದು. ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಫಲಕಗಳು ಇಳಿದದ್ದು ಆಮೇಲಿನ ಮಾತು: 2019ರ ಏಪ್ರಿಲ್ 1ರಂದು ವಿಜಯಾ, ಮರುವರ್ಷ ಅದೇ ದಿನ ಸಿಂಡಿಕೇಟ್ ಮತ್ತು ಕಾರ್ಪೊರೇಷನ್. ನಮಗೆ ಹೊಟ್ಟೆ ಉರಿಯಿತು ನಿಜ, ಆದರೆ ಹೆಸರು ಹೋಯಿತೆಂದು ಯಾರ ಸಂಬಳವೂ ನಿಲ್ಲಲಿಲ್ಲ. ದೊಡ್ಡಣ್ಣ ಹೇಳುವ ಭಾನುವಾರದ ಸೂತ್ರಕ್ಕೆ ಇಂಥ ಕೆಲಸ ಬೇಕು. ಬೆಂಗಳೂರಿನ ಆ ಕಂಪನಿ ಸಂಜೆ ಯಾವ ಗಂಟೆಗೆ ನಿನ್ನನ್ನು ಬಿಟ್ಟುಕೊಡುತ್ತದೆ? ಶನಿವಾರ ರಾತ್ರಿ ಫೋನು ಮಾಡುತ್ತದೆಯೋ? ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಯಾರನ್ನಾದರೂ ಹುಡುಕಿ ಇದನ್ನು ಕೇಳು. ಕಂಪನಿಯವರನ್ನೇ ಕೇಳಿದರೆ ಅವರು ಹೇಳುವ ಉತ್ತರ ನನಗೂ ಗೊತ್ತು.

ಈಗ ನನ್ನ ಕಸುಬಿನ ಮಾತು. ನಾನು ಹೆಚ್ಚು ಕಾಲ ಇದ್ದದ್ದು ಸಾಲದ ವಿಭಾಗದಲ್ಲಿ. ಹೆಚ್ಚು ಸಂಬಳದ ಕೆಲಸಕ್ಕೆ ಹೋದವರು ಹಾಳಾದರು ಎಂದು ನಾನು ಹೇಳುವುದಿಲ್ಲ. ಆದರೆ ಸಂಬಳ ಏರಿದ ವರ್ಷವೇ ನನ್ನ ಮೇಜಿನ ಮುಂದೆ ಬಂದು ಕುಳಿತವರನ್ನು ಎಷ್ಟೋ ನೋಡಿದ್ದೇನೆ. 'ನಾಲ್ಕೈದು ವರ್ಷ ದುಡಿದು ಊರಿಗೆ ಬಂದುಬಿಡುತ್ತೇವೆ ಮೇಡಂ' ಎನ್ನುತ್ತಲೇ ಇಪ್ಪತ್ತು ವರ್ಷದ ಗೃಹಸಾಲಕ್ಕೆ ಸಹಿ ಹಾಕುತ್ತಿದ್ದರು. ಲೆಕ್ಕ ಕೇಳು: 50 ಲಕ್ಷ ಸಾಲ, ಶೇಕಡಾ 8.5 ಬಡ್ಡಿ, 20 ವರ್ಷ. ತಿಂಗಳ ಕಂತು 43,391 ರೂಪಾಯಿ. ಮೊದಲ ಕಂತಿನಲ್ಲಿ 35,417 ಬಡ್ಡಿಗೆ ಹೋಗುತ್ತದೆ, ಅಸಲಿಗೆ ಎಂಟು ಸಾವಿರವೂ ಸೇರುವುದಿಲ್ಲ. ಕೊನೆಗೆ ಕಟ್ಟಿದ ಮೊತ್ತ ಒಂದು ಕೋಟಿ ನಾಲ್ಕು ಲಕ್ಷ ದಾಟುತ್ತದೆ. ಅಂಥವರು ಆಮೇಲೆ ಕೆಲಸ ಬಿಡುವುದು ಹೇಗೆ? ಕೆಲಸ ಹಿಡಿಸಲಿ ಬಿಡಲಿ, ಐದನೆಯ ತಾರೀಖಿಗೆ ಕಂತು ಬಂದು ನಿಲ್ಲುತ್ತದೆ. ಸಾಲವೆಂದರೆ ಹಲಸಿನ ಮೇಣ, ಕೈಗೆ ಎಣ್ಣೆ ಹಚ್ಚಿಕೊಳ್ಳದೆ ಮುಟ್ಟಬಾರದು. ಅಷ್ಟು ಜನರಿಗೆ ಸಾಲ ಕೊಟ್ಟವಳು ಈ ಮಾತು ಹೇಳುತ್ತಿದ್ದೇನೆ ಎಂದು ನಗಬೇಡಿ. ಕೊಟ್ಟವಳಾದ್ದರಿಂದಲೇ ಹೇಳುತ್ತಿದ್ದೇನೆ.

ಹಾಗಾದರೆ ನಿನ್ನ ಲೆಕ್ಕಕ್ಕೆ ಬರೋಣ. ಗುಂಪಿನಲ್ಲಿ ಎಲ್ಲರೂ 20,000 ಎದುರು 75,000 ಇಟ್ಟು ತೂಗುತ್ತಿದ್ದಾರೆ. ತೂಗಬೇಕಾದದ್ದು ಅದನ್ನಲ್ಲ. ಬೆಂಗಳೂರಿನಲ್ಲಿ ಕೋಣೆ, ಊಟ, ಓಡಾಟ, ತಿಂಗಳಿಗೊಮ್ಮೆ ಊರಿಗೆ ರಾತ್ರಿ ಬಸ್ಸು, ಎಲ್ಲ ಸೇರಿ 35,000 ಎಂದು ಇಟ್ಟುಕೊ. ಉಳಿಯುವುದು 40,000. ಇಲ್ಲಿ ಮನೆಯ ಊಟ, ನಿನ್ನ ಕೈಖರ್ಚು 6,000 ಎಂದರೆ ಉಳಿಯುವುದು 14,000. ಅಂತರ 55,000 ಅಲ್ಲ, 26,000. ಅದೂ ಸಣ್ಣದಲ್ಲ, ಆದರೆ ಗುಂಪಿನವರು ಕುಣಿದಷ್ಟು ದೊಡ್ಡದೂ ಅಲ್ಲ.

ಆ ಆರು ಲಕ್ಷಕ್ಕೆ ಬಡ್ಡಿ ಶೇಕಡಾ 10 ಎಂದು ಅಣ್ಣ, ಅಂದರೆ ನಿನ್ನ ಅಪ್ಪ, ಹೇಳಿದ. ಈಗಿನ ಹಾಗೆ ತಿಂಗಳಿಗೆ 8,000 ಕಟ್ಟುತ್ತಾ ಹೋದರೆ ತೀರಲು ಹತ್ತಿರ ಹತ್ತು ವರ್ಷ ಬೇಕು, ಬಡ್ಡಿಯೇ ಮೂರೂವರೆ ಲಕ್ಷದ ಹತ್ತಿರ. ಬೆಂಗಳೂರಿಗೆ ಹೋಗಿ 30,000 ಕಟ್ಟಿದರೆ 22 ತಿಂಗಳಲ್ಲಿ ಮುಗಿಯುತ್ತದೆ, ಬಡ್ಡಿ ಅರವತ್ತು ಸಾವಿರದೊಳಗೆ. ಬದಲಾಗುವ ಬಡ್ಡಿದರದ ಸಾಲವಾದರೆ ಮುಂಚಿತವಾಗಿ ತೀರಿಸಿದ್ದಕ್ಕೆ ಬ್ಯಾಂಕು ದಂಡ ಹಾಕುವಂತಿಲ್ಲ, ಯಾರಾದರೂ ಹಾಗೆ ಹೇಳಿದರೆ ನನಗೆ ಫೋನು ಮಾಡು. ಇನ್ನೊಂದು, ಆ ಸಾಲಕ್ಕೆ ಅಣ್ಣನೂ ಸಹಿ ಹಾಕಿದ್ದಾನೆ. ಅವನ ನಿವೃತ್ತಿ ಹತ್ತಿರವಿದೆ. ಅವನು ಇದನ್ನು ಬಾಯಿಬಿಟ್ಟು ಹೇಳುವವನಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ.

ಇಷ್ಟು ಕೇಳಿದರೆ ಅತ್ತೆ ಬೆಂಗಳೂರಿಗೆ ಹೊರಡು ಎನ್ನುತ್ತಾಳೆ ಎಂದುಕೊಳ್ಳುತ್ತೀಯ. ಸ್ವಲ್ಪ ತಡೆ.

ನೀನು ಬರೆದ ಒಂದು ಸಾಲು ನನ್ನ ತಲೆಯಲ್ಲಿ ಕುಳಿತಿದೆ. 'ತಿಗಳಾರಿ ಅಕ್ಷರ ಬಿಡಿಸುತ್ತಾ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ' ಎಂದೆ. ತಿಗಳಾರಿ ಎಂದರೆ ಆ ಗರಿಗಳ ಹಳೆಯ ಲಿಪಿ. ನಂಬುತ್ತೇನೆ. ಆದರೆ ದಿನದ ಎಂಟು ಗಂಟೆಯಲ್ಲಿ ಅಕ್ಷರ ಬಿಡಿಸುವುದು ಎಷ್ಟು ಹೊತ್ತು? ಉಳಿದ ಹೊತ್ತು ಗರಿಯ ಧೂಳು ಒರೆಸುವುದು, ಎಣ್ಣೆ ಸವರುವುದು, ಮಾಸಿದ ಅಕ್ಷರಕ್ಕೆ ಕಾಡಿಗೆ ಹಚ್ಚಿ ಎಬ್ಬಿಸುವುದು, ಸ್ಕ್ಯಾನ್ ಮಾಡಿದ್ದಕ್ಕೆ ಸಂಖ್ಯೆ ಕೊಡುವುದು, ಪಟ್ಟಿ ತುಂಬುವುದು. ಇದೆಲ್ಲವೂ ಸಂತೋಷವೇ ಆದರೆ ನಿನಗೆ ಈ ಕೆಲಸವೇ ಇಷ್ಟ. ದಿನಕ್ಕೆ ಒಂದು ಗಂಟೆಯ ಓದು ಮಾತ್ರ ಸಂತೋಷ, ಮಿಕ್ಕದ್ದು ಸಹಿಸುವಿಕೆ ಎಂದಾದರೆ ನಿನಗಿಷ್ಟವಾದದ್ದು ಓದು. ಓದಿಗೆ ಚಿತ್ರಗಳಿದ್ದರೆ ಸಾಕು, ಅವು ಬೆಂಗಳೂರಿನ ಕೋಣೆಗೂ ಬರುತ್ತವೆ, ಸಂಸ್ಥೆಯವರು ಒಪ್ಪಿದರೆ.

ಅಮೆರಿಕದ ರೋಚೆಸ್ಟರಿನ ವಿಜ್ಞಾನಿಗಳು ಉಡುಪಿಯ ಪಲಿಮಾರು ಮಠದಲ್ಲಿರುವ ಸರ್ವಮೂಲ ಗ್ರಂಥದ, ಅಂದರೆ ಮಧ್ವಾಚಾರ್ಯರ ಕೃತಿಗಳ, ಗರಿಗಳ ಚಿತ್ರ ತೆಗೆದು, ಕಣ್ಣಿಗೆ ಕಾಣದ ಅಕ್ಷರಗಳನ್ನು ಕಾಣುವಂತೆ ಮಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಯಂತ್ರ ಅಕ್ಷರವನ್ನು ಮೇಲೆತ್ತಿ ತೋರಿಸೀತು. ತೋರಿಸಿದ್ದನ್ನು ಓದುವುದಕ್ಕೆ ಮನುಷ್ಯ ಬೇಕು, ಅದಕ್ಕೆ ಕಲಿತವರು ಬೇಕು. ಇಲ್ಲಿಗೆ ನನ್ನ ಸಾಲದ ಲೆಕ್ಕ ಸಿಕ್ಕಿಕೊಳ್ಳುತ್ತದೆ. ನಿನಗೆ ಅಕ್ಷರ ಹೇಳಿಕೊಡುತ್ತಿರುವ ಹಿರಿಯರಿಗೆ ಎಂಬತ್ತು ದಾಟಿದೆ ಎಂದೆಯಲ್ಲ. ಬ್ಯಾಂಕು ಕಾಯುತ್ತದೆ, ಕಂತು ಕಟ್ಟುತ್ತಿದ್ದರಾಯಿತು. ಅವರು 22 ತಿಂಗಳು ಕಾಯುತ್ತಾರೆಂದು ಯಾವ ಪತ್ರದಲ್ಲಿ ಬರೆಸಿಕೊಳ್ಳುತ್ತೀ? ಕೂಡಕ್ಷರ ಎಲ್ಲಿ ಒಡೆಯಬೇಕು, ಬರೆದವನ ಕೈತಪ್ಪು ಯಾವುದು, ಹುಳು ತಿಂದಲ್ಲಿ ಏನಿದ್ದಿರಬಹುದು ಎಂಬುದನ್ನು ಅವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು ಎಂದು ನೀನೇ ಒಮ್ಮೆ ನನಗೆ ವಿವರಿಸಿದ್ದೆ.

ಅದಕ್ಕೆ ಆ ಲೆಕ್ಕವನ್ನೂ ಹಾಕಿದೆ. ಒಂದು ವರ್ಷ ಇಲ್ಲೇ ಇದ್ದು 8,000 ಕಟ್ಟಿದರೆ ಸಾಲ ಸುಮಾರು 5,62,000ಕ್ಕೆ ಇಳಿಯುತ್ತದೆ. ಆಮೇಲೆ ಹೋಗಿ 30,000 ಕಟ್ಟಿದರೆ ಇಪ್ಪತ್ತೊಂದು ತಿಂಗಳೊಳಗೆ ಮುಗಿಯುತ್ತದೆ. ಹೆಚ್ಚಿಗೆ ಹೋಗುವ ಬಡ್ಡಿ ಐವತ್ತು ಸಾವಿರದ ಆಸುಪಾಸು. ಅದನ್ನು ಗುರುದಕ್ಷಿಣೆ ಎಂದುಕೊ. ಕೈಬಿಟ್ಟ ಉಳಿತಾಯ ಬೇರೆ, ತಿಂಗಳಿಗೆ 26,000ದಂತೆ ವರ್ಷಕ್ಕೆ 3,12,000. ಅದು ದೊಡ್ಡ ಮೊತ್ತ, ಅದನ್ನು ಮುಚ್ಚಿಟ್ಟು ನಿನಗೆ ಸಿಹಿ ಮಾತು ಹೇಳುವವಳು ನಾನಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಹೀಗಿದೆ. ಆ ಹಿರಿಯರು ದಿನವೂ ಒಂದೆರಡು ಗಂಟೆ ನಿನ್ನ ಜೊತೆ ಕುಳಿತು ಓದಿಸುತ್ತಾರೆಂದಾದರೆ, ಒಂದು ವರ್ಷ ಇಲ್ಲಿರು. ಅವರು ವಾರಕ್ಕೊಮ್ಮೆ ಬಂದು ಸಹಿ ಹಾಕಿ ಹೋಗುವುದಾದರೆ, ಈಗಲೇ ಬೆಂಗಳೂರಿಗೆ ಹೋಗಿ ಸಾಲ ತೀರಿಸು. ಯಾವುದು ನಿಜ ಎಂಬುದು ನಿನಗೆ ಮಾತ್ರ ಗೊತ್ತು. ನಮಗೆ ಯಾರಿಗೂ ಗೊತ್ತಿಲ್ಲ, ಆದರೂ ಬೆಳಗಿನಿಂದ ತೀರ್ಪು ಕೊಡುತ್ತಿದ್ದೇವೆ.

ಇಲ್ಲಿ ಉಳಿಯುವುದಾದರೆ ಸಂಸ್ಥೆಯವರಲ್ಲಿ ಒಂದು ಪ್ರಶ್ನೆ ಕೇಳು: ಈ ಯೋಜನೆಗೆ ಅನುದಾನ ಯಾವ ತಿಂಗಳಿನವರೆಗೆ ಇದೆ? ನಾಚಿಕೆ ಬೇಡ. ಆರು ತಿಂಗಳಿಗೆ ಅನುದಾನ ಮುಗಿಯುವುದಾದರೆ ನನ್ನ ಒಂದು ವರ್ಷದ ಲೆಕ್ಕ ಪೂರ್ತಿ ಬಿದ್ದುಹೋಗುತ್ತದೆ. ಜೊತೆಗೆ, 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರುಗಳೂ ಬಳಸುವ ಅಕ್ಷರಗಳ ಪಟ್ಟಿಗೆ, ಸೇರಿತಲ್ಲ, ಅದನ್ನೂ ಯೋಚಿಸು. ಲಿಪಿ ಬಲ್ಲವರಿಗೆ ಕಂಪ್ಯೂಟರ್ ಬಾರದು, ಕಂಪ್ಯೂಟರ್ ಬಲ್ಲವರಿಗೆ ಲಿಪಿ ಬಾರದು. ಎರಡೂ ಬಲ್ಲವಳಿಗೆ ನಾಳೆ ಹಣ ಸುರಿಯುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ, ಆದರೆ ಈ ವರ್ಷ ಕೆಲಸದ ಅನುಭವದಲ್ಲಿ ಖಾಲಿ ಜಾಗವಾಗಿ ಕಾಣಿಸುತ್ತದೆ ಎಂಬ ದೊಡ್ಡಣ್ಣನ ಹೆದರಿಕೆಯನ್ನೂ ಒಪ್ಪುವುದಿಲ್ಲ.

ಇನ್ನು, ಮಂಗಳೂರನ್ನು ಯಾರೂ ಏಕೆ ಎತ್ತಲಿಲ್ಲ? ಕೊಟ್ಟಾರದಲ್ಲಿ, ಮುಡಿಪಿನಲ್ಲಿ ಇನ್ಫೋಸಿಸ್ ಇದೆ, ಬೇರೆ ಕಂಪನಿಗಳೂ ಇವೆ. ಸಂಬಳ ಬೆಂಗಳೂರಿನಷ್ಟು ಬಾರದಿರಬಹುದು. ಆದರೆ ಶನಿವಾರ ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ತಿಂಡಿಯ ಹೊತ್ತಿಗೆ ಉಡುಪಿಯಲ್ಲಿ, ಆ ಹಿರಿಯರ ಎದುರು. ಹುಡುಕಿ ನೋಡಿದ್ದೀಯಾ? ನೋಡದಿದ್ದರೆ ಈ ವಾರವೇ ಅರ್ಜಿ ಹಾಕು, ಎರಡೇ ಆಯ್ಕೆ ಎಂದು ಈ ಗುಂಪು ನಿನ್ನನ್ನು ನಂಬಿಸುವ ಮೊದಲು.

ಬೆಂಗಳೂರಿಗೆ ಹೋದರೆ ಮಾತ್ರ ನನ್ನದೊಂದು ಷರತ್ತು, ಅತ್ತೆ ಎಂಬ ಸಲುಗೆಯಿಂದ. ಈ ಆರು ಲಕ್ಷ ತೀರುವವರೆಗೆ ಇನ್ನೊಂದು ಸಾಲಕ್ಕೆ ಸಹಿ ಹಾಕಬೇಡ. ಕಾರು ಬೇಡ, ಫ್ಲಾಟು ಬೇಡ, ಕಂತಿನಲ್ಲಿ ಮೊಬೈಲೂ ಬೇಡ. ಮದುವೆಯ ಮಾತು ಬಂದು 'ಹುಡುಗಿಯ ಹೆಸರಿನಲ್ಲಿ ಒಂದು ಮನೆ ಇದ್ದರೆ ಒಳ್ಳೆಯದು' ಎಂದು ಯಾರಾದರೂ ಹೇಳಿದರೆ, ನನ್ನ ಹತ್ತಿರ ಕಳುಹಿಸು.

ಅಣ್ಣಾ, ಅವಳನ್ನು ಇವತ್ತೇ ಫೋನಿನಲ್ಲಿ ಹಿಡಿದು ಉತ್ತರ ಕೇಳಬೇಡ. ಕಂಪನಿಗೆ ಉತ್ತರ ಕೊಡಲು ಇನ್ನೂ ಎರಡು ವಾರ ಇದೆ. ಮಗಳೇ, ಕಂಪನಿ ಕಳುಹಿಸಿದ ಪತ್ರದಲ್ಲಿ ಇಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಕಟ್ಟಬೇಕು ಎಂಬ ಷರತ್ತು ಇದೆಯೇ ಎಂದು ನೋಡಬೇಕು. ಪತ್ರವನ್ನು ನನಗೆ ಕಳುಹಿಸು, ಕನ್ನಡಕ ಹಾಕಿಕೊಂಡು ಕುಳಿತು ಓದುತ್ತೇನೆ. ಗುಂಪಿಗೆ ಹಾಕಬೇಡ. ಇಲ್ಲಿ ಹಾಕಿದರೆ ಕೈ ಮುಗಿಯುವ ಚಿತ್ರಗಳು ಇನ್ನೂ ಹದಿಮೂರು ಬರುತ್ತವೆ.