ಬಿಲ್ಲಿ ಮೆರೆಡಿತ್ ಮ್ಯಾಂಚೆಸ್ಟರ್ ಸಿಟಿ ಬಿಟ್ಟು ಯುನೈಟೆಡ್ ಸೇರಿದ್ದೇಕೆ?

ಪ್ರಶ್ನೆ

ವೇಲ್ಸ್‌ನ ಫುಟ್‌ಬಾಲ್ ಆಟಗಾರ, ಬಲಬದಿಯ ವಿಂಗರ್ (ಮೈದಾನದ ಅಂಚಿನಿಂದ ದಾಳಿ ನಡೆಸುವ ಆಟಗಾರ) ಬಿಲ್ಲಿ ಮೆರೆಡಿತ್ ಅವರ ಬಗ್ಗೆ ಓದುತ್ತಿದ್ದೇನೆ. ಇಂಗ್ಲೆಂಡಿನ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್‌ನ 1904ರ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ನಾಯಕರಾಗಿ ಬೋಲ್ಟನ್ ವಾಂಡರರ್ಸ್ ವಿರುದ್ಧ ಪಂದ್ಯದ ಏಕೈಕ ಗೋಲು ಹೊಡೆದ ಆಟಗಾರ, ಮೂರು ವರ್ಷ ತುಂಬುವ ಮೊದಲೇ ಅದೇ ನಗರದ ಎದುರಾಳಿ ಕ್ಲಬ್ಬಾದ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಂಗಿ ತೊಟ್ಟದ್ದು ಹೇಗೆ? ಲಂಚದ ಆರೋಪವಿತ್ತು ಎಂದಷ್ಟೇ ಬರೆದು ಎಲ್ಲರೂ ಮುಂದೆ ಸಾಗುತ್ತಾರೆ. ಅವರೊಬ್ಬರೇ ತಪ್ಪಿತಸ್ಥರಾಗಿದ್ದರೇ?

ಮೊದಲ ಉತ್ತರ

ಆರೋಪ ನಿಜಕ್ಕೂ ಗಂಭೀರವಾಗಿತ್ತು. 1904–05ರ ಋತುವಿನ ಕೊನೆಯ ಪಂದ್ಯದಲ್ಲಿ ಸಿಟಿ ತಂಡ ಆಸ್ಟನ್ ವಿಲ್ಲಾವನ್ನು ಎದುರಿಸಿ 3–2ರಿಂದ ಸೋತಿತು. ಆ ಪಂದ್ಯವನ್ನು ಬಿಟ್ಟುಕೊಡಲು ವಿಲ್ಲಾ ನಾಯಕ ಅಲೆಕ್ಸ್ ಲೀಕ್ ಅವರಿಗೆ 10 ಪೌಂಡ್ ಕೊಡಲು ಮುಂದಾಗಿದ್ದರು ಎಂಬ ಕಾರಣಕ್ಕೆ ಇಂಗ್ಲೆಂಡಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಫುಟ್‌ಬಾಲ್ ಅಸೋಸಿಯೇಷನ್ ಮೆರೆಡಿತ್ ಅವರನ್ನು ಅಮಾನತುಗೊಳಿಸಿತು. ಅಮಾನತಿನ ಅವಧಿಯಲ್ಲಿ ಕ್ಲಬ್ ಹಣಕಾಸಿನ ನೆರವಿಗೆ ಬರದಿದ್ದಾಗ ಅವರು ಸುಮ್ಮನಿರಲಿಲ್ಲ. ಮ್ಯಾನೇಜರ್ ಟಾಮ್ ಮೇಲಿ ಅವರಿಗೆ ಎಲ್ಲವೂ ಗೊತ್ತಿತ್ತು ಎಂದರು. ತನಿಖೆ ಮುಂದುವರಿದಾಗ ಸಿಟಿ ತನ್ನ ಆಟಗಾರರಿಗೆ ನಿಗದಿತ ಗರಿಷ್ಠ ವೇತನಕ್ಕಿಂತ ಹೆಚ್ಚು ಹಣ ಕೊಡುತ್ತಿದ್ದುದು ಬಯಲಾಯಿತು. 1906ರಲ್ಲಿ 17 ಆಟಗಾರರ ಮೇಲೆ ನಿಷೇಧ ಬಿತ್ತು, ಅವರು ಮತ್ತೆ ಸಿಟಿಗೆ ಆಡುವಂತಿಲ್ಲವೆಂದೂ ಆದೇಶವಾಯಿತು. ಮೆರೆಡಿತ್, ಸ್ಯಾಂಡಿ ಟರ್ನ್‌ಬುಲ್, ಹರ್ಬರ್ಟ್ ಬರ್ಜೆಸ್ ಮತ್ತು ಜಿಮ್ಮಿ ಬ್ಯಾನಿಸ್ಟರ್ ಯುನೈಟೆಡ್ ಪಾಲಾದರು. 1907ರ ಜನವರಿ 1ರಂದು, ಅಂದರೆ ನಿಷೇಧ ಮುಗಿದ ಮರುದಿನವೇ, ವಿಲ್ಲಾ ವಿರುದ್ಧ ಮೆರೆಡಿತ್ ಕೊಟ್ಟ ಕ್ರಾಸ್‌ನಿಂದ (ಅಂಚಿನಿಂದ ಗೋಲಿನ ಮುಂದಕ್ಕೆ ಒದ್ದ ಚೆಂಡು) ಟರ್ನ್‌ಬುಲ್ ಗೆಲುವಿನ ಗೋಲು ಹೊಡೆದರು.

ಎರಡನೆಯ ಉತ್ತರ

ಮೇಲಿನ ವಿವರ ಸರಿಯಾಗಿದೆ, ಆದರೆ ಪ್ರಕರಣದ ಬೇರು ವೇತನದ ನಿಯಮದಲ್ಲಿದೆ ಎಂಬುದನ್ನು ಒತ್ತಿ ಹೇಳಬೇಕು. 1901ರಿಂದ ವಾರಕ್ಕೆ 4 ಪೌಂಡ್‌ಗಿಂತ ಹೆಚ್ಚು ಕೊಡುವಂತಿರಲಿಲ್ಲ. ಸಾವಿರಾರು ಜನ ಯಾರ ಆಟ ನೋಡಲು ಟಿಕೆಟ್ ಕೊಳ್ಳುತ್ತಿದ್ದರೋ ಆ ಆಟಗಾರನಿಗೂ ಅದೇ ಮಿತಿ. ವೇಲ್ಸ್‌ನ ಚರ್ಕ್ ಎಂಬ ಗಣಿ ಊರಿನಲ್ಲಿ 1874ರಲ್ಲಿ ಹುಟ್ಟಿ, ಹನ್ನೆರಡನೆಯ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದು ಗಣಿಯ ಗಿಡ್ಡ ಕುದುರೆಗಳನ್ನು ನಡೆಸಿದವರಿಗೆ ದುಡಿಮೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಲಂಚದ ವಿಷಯದಲ್ಲಿ ನಾನು ಅವರನ್ನು ಸಮರ್ಥಿಸುವುದಿಲ್ಲ. ಆದರೆ 1907ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನ ಇಂಪೀರಿಯಲ್ ಹೋಟೆಲ್‌ನಲ್ಲಿ ಆಟಗಾರರ ಸಂಘ ಹುಟ್ಟಿದ ಸಭೆಯ ಅಧ್ಯಕ್ಷತೆ ವಹಿಸಿದವರೂ ಅವರೇ ಎಂಬುದನ್ನು ಬಿಟ್ಟು ಅವರ ಬದುಕನ್ನು ಬರೆಯುವುದು ಅನ್ಯಾಯ. 1909ರಲ್ಲಿ ಸಂಘ ಬಿಡದವರನ್ನು ಅಮಾನತುಗೊಳಿಸುವುದಾಗಿ ಅಸೋಸಿಯೇಷನ್ ಬೆದರಿಸಿದಾಗ ಬೇರೆ ಕ್ಲಬ್ಬುಗಳ ಬಹುತೇಕರು ಹಿಂದೆ ಸರಿದರು, ಯುನೈಟೆಡ್ ಆಟಗಾರರು ಮಾತ್ರ ಜಗ್ಗಲಿಲ್ಲ. ತಮ್ಮನ್ನು 'ಔಟ್‌ಕಾಸ್ಟ್ಸ್ ಎಫ್‌ಸಿ' (ಬಹಿಷ್ಕೃತರ ಫುಟ್‌ಬಾಲ್ ಕ್ಲಬ್) ಎಂದು ಕರೆದುಕೊಂಡು, ಆ ಹೆಸರಿನ ಫಲಕವಿಟ್ಟು ಫೋಟೊ ತೆಗೆಸಿಕೊಂಡರು. ಕೊನೆಗೆ ಅಸೋಸಿಯೇಷನ್ನೇ ಮಣಿದು ಸಂಘವನ್ನು ಒಪ್ಪಿಕೊಂಡಿತು. ಆದರೂ ವೇತನದ ಮಿತಿ ಹೋದದ್ದು 1961ರಲ್ಲಿ, ಮೆರೆಡಿತ್ ತೀರಿಕೊಂಡು ಮೂರು ವರ್ಷ ಕಳೆದ ಮೇಲೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ವೇಲ್ಸ್ ಪರವಾಗಿ ಅವರ ಆಟ ಹೇಗಿತ್ತು?

ಮೂರನೆಯ ಉತ್ತರ

48 ಪಂದ್ಯಗಳು, 11 ಗೋಲುಗಳು. ಕ್ಲಬ್ಬುಗಳು ಹಲವು ಬಾರಿ ಅವರನ್ನು ದೇಶದ ಪಂದ್ಯಗಳಿಗೆ ಕಳುಹಿಸದೇ ಇದ್ದುದರಿಂದ, ಆಡಬಹುದಾಗಿದ್ದ ಪಂದ್ಯಗಳು ಇನ್ನೂ ಹೆಚ್ಚು. ಬಾಯಲ್ಲಿ ಹಲ್ಲುಕಡ್ಡಿ ಕಚ್ಚಿಕೊಂಡೇ ಚೆಂಡನ್ನು ಗೆರೆಯುದ್ದಕ್ಕೂ ಒಯ್ದು, ಕಾರ್ನರ್ ಧ್ವಜದ ಹತ್ತಿರದಿಂದ ಗೋಲಿನ ಮುಂದಕ್ಕೆ ಕ್ರಾಸ್ ಕೊಡುವುದು ಅವರ ಗುರುತಾಗಿತ್ತು. 1907ರಲ್ಲಿ ವೇಲ್ಸ್ ಮೊದಲ ಬಾರಿಗೆ ಹೋಮ್ ಚಾಂಪಿಯನ್‌ಶಿಪ್ (ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ತಂಡಗಳ ವಾರ್ಷಿಕ ಪಂದ್ಯಾವಳಿ) ಗೆದ್ದಾಗ ಅವರು ತಂಡದಲ್ಲಿದ್ದರು. ನನಗೆ ಅದಕ್ಕಿಂತ ದೊಡ್ಡದೆನಿಸುವುದು 1920ರ ಮಾರ್ಚ್‌ನ ಪಂದ್ಯ: ಲಂಡನ್‌ನ ಹೈಬರಿ ಮೈದಾನದಲ್ಲಿ ವೇಲ್ಸ್ 2–1ರಿಂದ ಇಂಗ್ಲೆಂಡನ್ನು ಸೋಲಿಸಿತು. 1882ರ ನಂತರ ಇಂಗ್ಲೆಂಡ್ ವಿರುದ್ಧ ವೇಲ್ಸ್‌ಗೆ ಸಿಕ್ಕ ಮೊದಲ ಗೆಲುವು ಅದು. ಆಗ ಮೆರೆಡಿತ್‌ಗೆ 45 ವರ್ಷ, ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಇನ್ನೊಂದು ಮಾತು: ಅವರು ಯುನೈಟೆಡ್‌ನಲ್ಲೇ ಉಳಿಯಲಿಲ್ಲ. 1908 ಮತ್ತು 1911ರ ಲೀಗ್ ಪ್ರಶಸ್ತಿಗಳನ್ನೂ 1909ರ ಎಫ್‌ಎ ಕಪ್ಪನ್ನೂ ಅಲ್ಲಿ ಗೆದ್ದು, 1921ರಲ್ಲಿ ಸಿಟಿಗೆ ಮರಳಿದರು. 1924ರಲ್ಲಿ ನ್ಯೂಕ್ಯಾಸಲ್ ವಿರುದ್ಧದ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಕೊನೆಯ ಬಾರಿ ಕಣಕ್ಕಿಳಿದಾಗ ಅವರಿಗೆ 49 ವರ್ಷ.