ನೂರನೆಯ, ಇನ್ನೂರನೆಯ, ಸಾವಿರದ ಸಂಚಿಕೆ: ಸೂಪರ್‌ಹೀರೋ ಕಾಮಿಕ್ಸ್‌ನ ಮೈಲಿಗಲ್ಲುಗಳನ್ನು ಓದಿ ಆಚರಿಸುವ ಬಗೆ – ಅನುಭವ ಹಂಚಿಕೆ

ಪ್ರಶ್ನೆ – ಮೈಸೂರಿನಿಂದ

ನಮ್ಮ ಬಡಾವಣೆಯ ಓದುಗರ ಬಳಗಕ್ಕೆ ಹೈಸ್ಕೂಲು ಮಕ್ಕಳೂ ಬರುತ್ತಾರೆ, ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್‌ನನ್ನು ಓದಿ ಬೆಳೆದ ಹಿರಿಯರೂ ಬರುತ್ತಾರೆ. ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್‌ಗಳು ನೂರು, ಇನ್ನೂರು, ಸಾವಿರ ಸಂಚಿಕೆಗಳನ್ನು ಪೂರೈಸಿದಾಗ ಹೊರತರುವ ವಿಶೇಷ ಸಂಚಿಕೆಗಳನ್ನು ಮುಂದಿಟ್ಟುಕೊಂಡು ಒಂದು ಸಂಜೆಯ ಕಾರ್ಯಕ್ರಮ ಮಾಡೋಣವೆಂದು ಮಕ್ಕಳು ಕೇಳಿದ್ದಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಈ ಪಾತ್ರಗಳು ಗೊತ್ತಿರುವುದು ಸಿನಿಮಾದಿಂದ. ಮೂಲ ಪುಸ್ತಕಗಳನ್ನು ಕಂಡವರು ಕಡಿಮೆ. ಯಾವ ಸಂಚಿಕೆಗಳನ್ನು ಆರಿಸಬೇಕು, ಹಳೆಯ ಪ್ರತಿಗಳಿಗೆ ಹಣ ಹಾಕಬೇಕೇ ಅಥವಾ ಮರುಮುದ್ರಣ ಸಾಕೇ, ತಂದ ಪುಸ್ತಕಗಳನ್ನು ಹೇಗೆ ಜೋಪಾನ ಮಾಡಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ – ಬೆಂಗಳೂರಿನಿಂದ

ಮೇಡಂ, ಹಲವು ವರ್ಷಗಳಿಂದ ಈ ಪುಸ್ತಕಗಳನ್ನು ಓದುತ್ತಿರುವವನಾಗಿ ನಾನು ಮೊದಲು ಹೇಳಬಯಸುವುದು ಇಷ್ಟು: ಇಂಥ ವಿಶೇಷ ಸಂಚಿಕೆಯನ್ನು ಒಂಟಿಯಾಗಿ ಓದಿಸಬೇಡಿ. ಅದು ಯಾವ ಹಳೆಯ ಸಂಚಿಕೆಯನ್ನು ನೆನೆದು ಬರೆದದ್ದೋ ಅದನ್ನೂ ಪಕ್ಕದಲ್ಲಿಟ್ಟು ಜೋಡಿಯಾಗಿ ಓದಿಸಿ. ಒಳ್ಳೆಯ ವಿಶೇಷ ಸಂಚಿಕೆಯ ಜೀವ ಇರುವುದೇ ಆ ಜೋಡಿಯಲ್ಲಿ.

‘ಆ್ಯಕ್ಷನ್ ಕಾಮಿಕ್ಸ್’ ಅನ್ನೇ ತೆಗೆದುಕೊಳ್ಳಿ. 1938ರ ಜೂನ್ ಎಂಬ ತಿಂಗಳನ್ನು ಹೊತ್ತ ಅದರ ಮೊದಲ ಸಂಚಿಕೆಯ ಮುಖಪುಟದಲ್ಲಿ ಸೂಪರ್‌ಮ್ಯಾನ್ ಹಸಿರು ಕಾರೊಂದನ್ನು ತಲೆಯ ಮೇಲೆತ್ತಿ ಬಂಡೆಗೆ ಅಪ್ಪಳಿಸುತ್ತಿದ್ದಾನೆ, ಎಡಗಡೆ ಕೆಳಮೂಲೆಯಲ್ಲಿ ಒಬ್ಬಾತ ತಲೆ ಹಿಡಿದುಕೊಂಡು ದಿಕ್ಕೆಟ್ಟು ಓಡುತ್ತಿದ್ದಾನೆ. ಎಂಬತ್ತು ವರ್ಷ ಕಳೆದು, 2018ರ ಏಪ್ರಿಲ್ 18ರಂದು, ಅದೇ ಪತ್ರಿಕೆಯ ಸಾವಿರದ ಸಂಚಿಕೆ ಎಂಬತ್ತು ಪುಟಗಳಲ್ಲಿ ಬಂತು. ಅದರಲ್ಲಿ ಜೆಫ್ ಜಾನ್ಸ್ ಮತ್ತು 1978ರ ಸೂಪರ್‌ಮ್ಯಾನ್ ಚಿತ್ರದ ನಿರ್ದೇಶಕ ರಿಚರ್ಡ್ ಡೋನರ್ ಸೇರಿ ಬರೆದು, ಒಲಿವಿಯರ್ ಕೊಯ್ಪೆಲ್ ಚಿತ್ರಿಸಿದ ‘ದಿ ಕಾರ್’ ಎಂಬ ಪುಟ್ಟ ಕಥೆಯಿದೆ. ಆ ಕಾರು ಯಾರದ್ದು, ಅದು ನುಜ್ಜುಗುಜ್ಜಾದ ಮೇಲೆ ಅವನ ಗತಿ ಏನಾಯಿತು ಎಂದು ಆ ಕಥೆ ವಿಚಾರಿಸುತ್ತದೆ. ಮೊದಲ ಸಂಚಿಕೆಯಲ್ಲಿ ಬರೀ ಖಳನಾಗಿದ್ದವನ ಎದುರು ಇಲ್ಲಿ ಸೂಪರ್‌ಮ್ಯಾನ್ ಬಂದು ನಿಲ್ಲುತ್ತಾನೆ, ಹೊಡೆಯುವುದಿಲ್ಲ, ಬದುಕನ್ನು ಬದಲಾಯಿಸಿಕೊಳ್ಳಲು ಒಂದು ಅವಕಾಶವಿದೆ ಎನ್ನುತ್ತಾನೆ. ಹಳೆಯ ಮುಖಪುಟವನ್ನು ನೋಡದೆ ಇದನ್ನು ಓದಿದವರಿಗೆ ಇದೊಂದು ಸಾಧಾರಣ ಕಥೆ. ನೋಡಿ ಓದಿದವರಿಗೆ ಎಂಬತ್ತು ವರ್ಷಗಳಲ್ಲಿ ಆ ಪಾತ್ರ ಎಷ್ಟು ಮಾಗಿದೆ ಎಂಬುದು ಕೆಲವೇ ಪುಟಗಳಲ್ಲಿ ತಿಳಿದುಬಿಡುತ್ತದೆ.

ಅದೇ ಸಂಚಿಕೆಯಲ್ಲಿ ಟಾಮ್ ಕಿಂಗ್ ಬರೆದು ಕ್ಲೇ ಮಾನ್ ಚಿತ್ರಿಸಿದ ಇನ್ನೊಂದು ಕಥೆ ಸಾವಿರಾರು ಅಲ್ಲ, ನೂರಾರು ಕೋಟಿ ವರ್ಷಗಳಾಚೆಗೆ ಹೋಗುತ್ತದೆ. ಸೂರ್ಯ ಭೂಮಿಯನ್ನು ನುಂಗಲಿರುವ ಹೊತ್ತಿನಲ್ಲಿ ಸೂಪರ್‌ಮ್ಯಾನ್ ತನ್ನನ್ನು ಸಾಕಿದ ತಂದೆ ತಾಯಿಯ ಸಮಾಧಿಯ ಬಳಿ ಕೊನೆಯ ಸಲ ಮಾತನಾಡಲು ಬರುತ್ತಾನೆ. ಹಿರಿಯರು ಮೆಚ್ಚುವುದು ಇದನ್ನೇ ಎಂದು ನನಗೆ ಖಾತ್ರಿಯಿದೆ. 1996ರಲ್ಲಿ ತೀರಿಕೊಂಡ ಕರ್ಟ್ ಸ್ವಾನ್ ಬಿಡಿಸಿಟ್ಟಿದ್ದ, ಎಲ್ಲಿಯೂ ಅಚ್ಚಾಗಿರದ ಚಿತ್ರಗಳಿಗೆ ಮಾರ್ವ್ ವುಲ್ಫ್‌ಮನ್ ಹೊಸದಾಗಿ ಕಥೆ ಹೊಂದಿಸಿದ್ದೂ ಇದೇ ಸಂಚಿಕೆಯಲ್ಲಿದೆ.

ಬ್ಯಾಟ್‌ಮ್ಯಾನ್‌ಗೆ ನಾನು ಸೂಚಿಸುವ ಜೋಡಿ ಅಷ್ಟಾಗಿ ಹೆಸರಾದದ್ದಲ್ಲ. 1976ರ ‘ಡಿಟೆಕ್ಟಿವ್ ಕಾಮಿಕ್ಸ್’ 457ನೆಯ ಸಂಚಿಕೆಯಲ್ಲಿ ಡೆನ್ನಿ ಓನೀಲ್ ಬರೆದು ಡಿಕ್ ಜಿಯೊರ್ಡಾನೊ ಚಿತ್ರಿಸಿದ ಕಥೆಯೊಂದಿದೆ. ತಂದೆ ತಾಯಿ ಕೊಲೆಯಾದ ಗಲ್ಲಿಗೆ ಬ್ಯಾಟ್‌ಮ್ಯಾನ್ ವರ್ಷಕ್ಕೊಮ್ಮೆ ಹೋಗುತ್ತಾನೆ. ಆ ರಾತ್ರಿ ಅನಾಥನಾದ ಹುಡುಗನನ್ನು ಸಂತೈಸಿದ ಲೆಸ್ಲಿ ಥಾಂಪ್ಕಿನ್ಸ್ ಎಂಬ ಮಹಿಳೆ ನಮಗೆ ಮೊದಲು ಪರಿಚಯವಾಗುವುದು ಅಲ್ಲಿ. 2019ರ ಮಾರ್ಚ್ 27ರಂದು ಬಂದ ಸಾವಿರದ ಸಂಚಿಕೆಯಲ್ಲಿ ಅದೇ ಓನೀಲ್, ಈ ಸಲ ಸ್ಟೀವ್ ಎಪ್ಟಿಂಗ್ ಅವರ ಚಿತ್ರಗಳೊಂದಿಗೆ, ಅದೇ ಗಲ್ಲಿಗೆ ಮರಳುತ್ತಾರೆ. ಈಗ ಲೆಸ್ಲಿ ಬ್ಯಾಟ್‌ಮ್ಯಾನ್‌ನ ಹಿಂಸೆಯನ್ನು ಕಣ್ಣಾರೆ ಕಂಡು ಅವನನ್ನು ಖಂಡಿಸುತ್ತಾಳೆ. ನಲವತ್ತಮೂರು ವರ್ಷಗಳ ನಂತರ ಒಬ್ಬ ಲೇಖಕ ತನ್ನ ಕಥೆಯನ್ನೇ ಮರುಪರಿಶೀಲಿಸುವ ಇಂಥ ಅವಕಾಶ ಸಾಹಿತ್ಯದಲ್ಲಿಯೇ ಅಪರೂಪ. ಓನೀಲ್ ಮರುವರ್ಷವೇ, 2020ರ ಜೂನ್‌ನಲ್ಲಿ, ತೀರಿಕೊಂಡರು.

ಉತ್ತರ – ಅಮೆರಿಕದ ನ್ಯೂಜೆರ್ಸಿಯಿಂದ

ಮೇಲಿನವರ ಜೋಡಿ ಓದಿನ ಸಲಹೆಯನ್ನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಹಣದ ವಿಷಯವನ್ನೂ ಸಂಖ್ಯೆಯ ವಿಷಯವನ್ನೂ ನಾನು ಸೇರಿಸುತ್ತೇನೆ, ಏಕೆಂದರೆ ಮಕ್ಕಳು ಈ ಎರಡನ್ನೂ ಖಂಡಿತ ಕೇಳುತ್ತಾರೆ.

ಸಂಚಿಕೆಯ ಸಂಖ್ಯೆ ಎಂಬುದು ನೇರವಾದ ಎಣಿಕೆಯಲ್ಲ. ‘ಡಿಟೆಕ್ಟಿವ್’ ಶುರುವಾದದ್ದು 1937ರ ಮಾರ್ಚ್‌ನಲ್ಲಿ, ‘ಆ್ಯಕ್ಷನ್’ ಅದಕ್ಕಿಂತ ಒಂದೂಕಾಲು ವರ್ಷ ತಡವಾಗಿ. ಆದರೂ ಸಾವಿರವನ್ನು ಮೊದಲು ಮುಟ್ಟಿದ್ದು ‘ಆ್ಯಕ್ಷನ್’. 1988–89ರಲ್ಲಿ ಅದು ಕೆಲಕಾಲ ವಾರಪತ್ರಿಕೆಯಾಗಿ 601ರಿಂದ 642ರವರೆಗಿನ ಸಂಚಿಕೆಗಳನ್ನು ಒಂದು ವರ್ಷದೊಳಗೆ ಮುಗಿಸಿತು. ‘ಡಿಟೆಕ್ಟಿವ್’ ಎಪ್ಪತ್ತರ ದಶಕದಲ್ಲಿ ಕೆಲಕಾಲ ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. 2011ರಲ್ಲಿ ಪ್ರಕಾಶಕರಾದ ಡಿಸಿ ಸಂಸ್ಥೆಯವರು ಎರಡನ್ನೂ ಮತ್ತೆ ಒಂದರಿಂದ ಎಣಿಸತೊಡಗಿದರು, 2016ರಲ್ಲಿ ಹಳೆಯ ಲೆಕ್ಕಕ್ಕೇ ಹಿಂತಿರುಗಿ ‘ಆ್ಯಕ್ಷನ್’ ಅನ್ನು 957ರಿಂದ, ‘ಡಿಟೆಕ್ಟಿವ್’ ಅನ್ನು 934ರಿಂದ ಮುಂದುವರಿಸಿದರು. ಮಾರ್ವೆಲ್ ಸಂಸ್ಥೆ 2019ರಲ್ಲಿ ತನ್ನ ಎಂಬತ್ತನೆಯ ವರ್ಷಕ್ಕೆ ‘ಮಾರ್ವೆಲ್ ಕಾಮಿಕ್ಸ್’ 1000 ಎಂದು ಹೊರತಂದದ್ದು ಯಾವ ಸರಣಿಯ ಸಾವಿರದ ಸಂಚಿಕೆಯೂ ಅಲ್ಲ. ಅದು ಎಂಬತ್ತು ವರ್ಷಗಳಿಗೆ ಎಂಬತ್ತು ಪುಟ, ಪುಟಕ್ಕೊಂದು ತಂಡ ಎಂಬ ಬೇರೆಯೇ ಪ್ರಯೋಗ. ಆದ್ದರಿಂದ ಸಂಖ್ಯೆಯನ್ನು ನೋಡಿ ಮರುಳಾಗದೆ ಒಳಗಿನ ಕಥೆಯನ್ನು ನೋಡಿ ಆರಿಸಿ.

ಬೆಲೆಯ ಬಗ್ಗೆ: ‘ಆ್ಯಕ್ಷನ್’ ಮೊದಲ ಸಂಚಿಕೆಯ ಬೆಲೆ ಅಂದು ಹತ್ತು ಸೆಂಟ್. ಚೆನ್ನಾಗಿ ಉಳಿದಿದ್ದ ಒಂದು ಪ್ರತಿ 2024ರ ಹರಾಜಿನಲ್ಲಿ 60 ಲಕ್ಷ ಡಾಲರ್‌ಗೆ ಹೋಯಿತು. ಈ ಸುದ್ದಿ ಕೇಳಿ ವಿಶೇಷ ಸಂಚಿಕೆಗಳೆಲ್ಲ ಹೂಡಿಕೆ ಎಂದುಕೊಳ್ಳುವವರು ಇಲ್ಲಿಯೂ ಬಹಳ. 1938ರ ಪ್ರತಿಗೆ ಬೆಲೆ ಬಂದದ್ದು ಅದನ್ನು ಓದಿ ಹರಿದು ಎಸೆದವರೇ ಹೆಚ್ಚು, ಎತ್ತಿಟ್ಟವರು ಬೆರಳೆಣಿಕೆ ಎಂಬ ಕಾರಣದಿಂದ. ತೊಂಬತ್ತರ ದಶಕದಲ್ಲಿ ನಡೆದದ್ದು ಇದಕ್ಕೆ ಪೂರ್ತಿ ತದ್ವಿರುದ್ಧ. 1992ರಲ್ಲಿ ಸ್ಪೈಡರ್‌ಮ್ಯಾನ್‌ನ ಮೂವತ್ತನೆಯ ವರ್ಷಕ್ಕೆಂದು ನಾಲ್ಕು ಸರಣಿಗಳ ಸಂಚಿಕೆಗಳು ಹೊಳೆಯುವ ಹಾಲೋಗ್ರಾಮ್ ಮುಖಪುಟ ಹೊತ್ತು ಬಂದವು, 1993ರಲ್ಲಿ ‘ಬ್ಯಾಟ್‌ಮ್ಯಾನ್’ ಐನೂರನೆಯ ಸಂಚಿಕೆ ಕತ್ತರಿಸಿದ ವಿನ್ಯಾಸದ ಮುಖಪುಟದೊಂದಿಗೆ ಬಂತು. ಅವನ್ನು ಅಪಾರ ಸಂಖ್ಯೆಯಲ್ಲಿ ಅಚ್ಚು ಹಾಕಲಾಯಿತು, ಕೊಂಡವರೆಲ್ಲ ಜತನವಾಗಿ ಎತ್ತಿಟ್ಟರು, ಹೀಗಾಗಿ ಅವು ಇಂದಿಗೂ ಹೇರಳವಾಗಿ ಅಗ್ಗಕ್ಕೆ ಸಿಗುತ್ತವೆ. ಆ ಹುಚ್ಚು ಇಳಿದ ಮೇಲೆ ಸಾಲುಸಾಲಾಗಿ ಅಂಗಡಿಗಳು ಮುಚ್ಚಿದವು, 1996ರ ಡಿಸೆಂಬರ್‌ನಲ್ಲಿ ಸ್ವತಃ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ನಿಮ್ಮ ಬಳಗಕ್ಕೆ ಇದರಲ್ಲಿ ಒಂದು ಲಾಭವಿದೆ: ಮಕ್ಕಳು ಕೈಯಲ್ಲಿ ಹಿಡಿದು ನೋಡಲು ನಿಜವಾದ ಹಳೆಯ ಪ್ರತಿ ಬೇಕೆಂದರೆ ಆ ಕಾಲದ್ದನ್ನೇ ಕೊಳ್ಳಿ, ಹರಿದರೂ ಯಾರಿಗೂ ಸಂಕಟವಿಲ್ಲ.

‘ಆ್ಯಕ್ಷನ್’ ಸಾವಿರದ ಸಂಚಿಕೆ ಬಂದ ಬುಧವಾರ ಇಲ್ಲಿನ ಅಂಗಡಿಯಲ್ಲಿ ನಾನೂ ಸರದಿಯಲ್ಲಿ ನಿಂತಿದ್ದೆ. ಮೂವತ್ತರ ದಶಕದಿಂದ ಎರಡು ಸಾವಿರದ ದಶಕದವರೆಗೆ ಒಂದೊಂದು ಕಾಲದ ಶೈಲಿಯಲ್ಲಿ ಬೇರೆ ಬೇರೆ ಚಿತ್ರಕಾರರು ಬಿಡಿಸಿದ ವೇರಿಯಂಟ್ ಕವರ್‌ಗಳಿದ್ದವು, ಅಜ್ಜ, ಮಗ, ಮೊಮ್ಮಗಳು ಸೇರಿ ಬಂದಿದ್ದ ಮನೆಯವರು ಅವರವರ ಬಾಲ್ಯದ ಕವರನ್ನು ಆರಿಸಿಕೊಳ್ಳುತ್ತಿದ್ದುದನ್ನು ನೋಡಿ ಬಹಳ ಸಂತೋಷವಾಯಿತು. ಎಲ್ಲದರ ಒಳಪುಟಗಳೂ ಒಂದೇ, ಆದ್ದರಿಂದ ನಿಮಗೆ ಒಂದು ಪ್ರತಿ ಸಾಕು. ಮೂಲ ಮೊದಲ ಸಂಚಿಕೆಗೆ ಬದಲಾಗಿ, ಅಂದಿನ ಜಾಹೀರಾತುಗಳ ಸಮೇತ ಇದ್ದದ್ದನ್ನು ಇದ್ದಂತೆಯೇ ಅಚ್ಚು ಹಾಕುವ ಫ್ಯಾಕ್ಸಿಮಿಲಿ ಪ್ರತಿಗಳನ್ನು ಡಿಸಿ, ಮಾರ್ವೆಲ್ ಎರಡೂ ತರುತ್ತಿವೆ. ಇನ್ನೂ ಒಳ್ಳೆಯ ದಾರಿಯೆಂದರೆ 2018ರಲ್ಲಿ ಪಾಲ್ ಲೆವಿಟ್ಜ್ ಸಂಪಾದಿಸಿದ ‘ಆ್ಯಕ್ಷನ್ ಕಾಮಿಕ್ಸ್: 80 ಇಯರ್ಸ್ ಆಫ್ ಸೂಪರ್‌ಮ್ಯಾನ್’ ಎಂಬ ಗಟ್ಟಿ ರಟ್ಟಿನ ಸಂಕಲನ.

ಉತ್ತರ – ಧಾರವಾಡದಿಂದ

ನಾನು ಹೈಸ್ಕೂಲು ಶಿಕ್ಷಕಿ. ಮಕ್ಕಳಿಗಾಗಿಯೇ ಮಾಡುವುದಾದರೆ ಸೂಪರ್‌ಮ್ಯಾನ್‌ನಿಂದಲ್ಲ, ಸ್ಪೈಡರ್‌ಮ್ಯಾನ್‌ನಿಂದ ಆರಂಭಿಸಿ ಎಂಬುದು ನನ್ನ ಅನುಭವದ ಮಾತು. 1962ರ ಆಗಸ್ಟ್ ತಿಂಗಳಿನ ‘ಅಮೇಜಿಂಗ್ ಫ್ಯಾಂಟಸಿ’ 15ರಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಹೇಳಿದ ಮೊದಲ ಕಥೆ ಕೆಲವೇ ಪುಟಗಳದ್ದು: ತಾನು ತಡೆಯಬಹುದಾಗಿದ್ದ ಕಳ್ಳನನ್ನು ಪೀಟರ್ ಎಂಬ ಹುಡುಗ ಸುಮ್ಮನೆ ಹೋಗಗೊಡುತ್ತಾನೆ, ಅದೇ ಕಳ್ಳ ಅವನ ಬೆನ್ ಅಂಕಲ್ಲನ್ನು ಕೊಲ್ಲುತ್ತಾನೆ. ಆ ಕಳ್ಳನ ಕಥೆ ತಾರಕಕ್ಕೇರುವುದು ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಇನ್ನೂರನೆಯ ಸಂಚಿಕೆಯಲ್ಲಿ. 1980ರ ಜನವರಿ ತಿಂಗಳಿನ ಆ ಕಥೆಯನ್ನು ಬರೆದವರು ಮಾರ್ವ್ ವುಲ್ಫ್‌ಮನ್, ಚಿತ್ರಿಸಿದವರು ಕೀತ್ ಪೊಲಾರ್ಡ್. ಪೀಟರ್‌ನ ಮನೆಯಲ್ಲಿ ಅಡಗಿದೆಯೆಂದು ನಂಬಿದ ನಿಧಿಗಾಗಿ ಬಂದ ಕಳ್ಳನನ್ನು ಎದುರಿಸುವಾಗ ಪೀಟರ್‌ಗೆ ಸೇಡು ಬೇಕೇ, ಬೇರೇನಾದರೂ ಬೇಕೇ ಎಂಬ ಪ್ರಶ್ನೆ ಏಳುತ್ತದೆ. ಕೊನೆಯ ಪುಟಗಳಿಗೆ ಮೊದಲು ಪುಸ್ತಕ ಮುಚ್ಚಿ, ಮುಂದೇನಾಗಬೇಕು ಎಂದು ಮಕ್ಕಳನ್ನೇ ಕೇಳಿ. ನನ್ನ ತರಗತಿಯಲ್ಲಿ ಸದಾ ಮೌನವಾಗಿರುವ ಮಕ್ಕಳೂ ಆಗ ಎದ್ದು ನಿಂತು ಮಾತನಾಡಿದರು. ಸಂಭಾಷಣೆಯನ್ನು ಕನ್ನಡದಲ್ಲಿ ಹೇಳುತ್ತ ಹೋದರೆ ಸಾಕು, ಚಿತ್ರ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಮೂರನ್ನು ಓದಿಸುವಷ್ಟು ಸಮಯವಿದ್ದರೆ 1988ರ ಮುನ್ನೂರನೆಯದನ್ನೂ ಇಡಿ. ವೆನಮ್ ಎಂಬ ಖಳ ಪೂರ್ಣವಾಗಿ ಕಾಣಿಸಿಕೊಳ್ಳುವುದು ಅದರಲ್ಲಿ, ಮಕ್ಕಳಿಗೆ ಸಿನಿಮಾದಿಂದ ಪರಿಚಿತ. 1971ರ ನೂರನೆಯದು, ಅಂದರೆ ಪೀಟರ್‌ಗೆ ಇನ್ನೂ ನಾಲ್ಕು ತೋಳು ಮೂಡುವ ಕಥೆ, ಮುಂದಿನ ಸಂಚಿಕೆಗಳಿಗೆ ಚಾಚಿಕೊಳ್ಳುವುದರಿಂದ ಒಂದು ಸಂಜೆಗೆ ಹೊಂದುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಇಂಥ ಆಚರಣೆಯಲ್ಲಿ ಪಾತ್ರಗಳ ಹೆಸರಿನಷ್ಟೇ ಗಟ್ಟಿಯಾಗಿ ಸೃಷ್ಟಿಕರ್ತರ ಹೆಸರನ್ನೂ ಹೇಳಿ. ಸೂಪರ್‌ಮ್ಯಾನ್‌ನನ್ನು ರೂಪಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಕ್ಲೀವ್‌ಲ್ಯಾಂಡಿನ ಇಬ್ಬರು ತರುಣರು 1938ರಲ್ಲಿ ಅವನ ಹಕ್ಕುಗಳನ್ನು ಕೊಟ್ಟದ್ದು 130 ಡಾಲರ್‌ಗೆ. ಅವರಿಗೆ ವರ್ಷಾಶನವೂ, ನಡುವೆ ತೆಗೆದುಹಾಕಿದ್ದ ಹೆಸರು ಪುಟದ ಮೇಲೆ ಮತ್ತೆಯೂ ಸಿಕ್ಕಿದ್ದು ಮುದಿವಯಸ್ಸು ಹತ್ತಿರವಾದಾಗ, 1975ರ ಕೊನೆಯಲ್ಲಿ. ಬ್ಯಾಟ್‌ಮ್ಯಾನ್‌ನ ಮೊದಲ ಕಥೆಯನ್ನು ಬರೆದ ಬಿಲ್ ಫಿಂಗರ್ 1974ರಲ್ಲಿಯೇ ತೀರಿಕೊಂಡರು. ಅದರ ಚಿತ್ರಕಾರ ಬಾಬ್ ಕೇನ್ ಹೆಸರಿನ ಜೊತೆ ಅವರ ಹೆಸರು ಅಧಿಕೃತವಾಗಿ ಅಚ್ಚಾಗತೊಡಗಿದ್ದು 2015ರಿಂದ. ನಮ್ಮ ಶಾಲೆಯಲ್ಲಿ ಮಕ್ಕಳು ಈ ನಾಲ್ವರ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಹಚ್ಚಿದ್ದರು.

ಉತ್ತರ – ಮಂಗಳೂರಿನಿಂದ

ಜೋಪಾನದ ಬಗ್ಗೆ ಮಾತ್ರ ಹೇಳುತ್ತೇನೆ. ಹಳೆಯ ಕಾಮಿಕ್ಸ್ ಅಚ್ಚಾಗಿದ್ದು ಸುದ್ದಿಪತ್ರಿಕೆಯ ಕಾಗದದ ಮೇಲೆ. ಅದರಲ್ಲಿರುವ ಲಿಗ್ನಿನ್ ಎಂಬ ಅಂಶವೇ ಬೆಳಕು, ಗಾಳಿ ತಾಗಿ ಹಳದಿಯಾಗುತ್ತದೆ, ಆಮ್ಲವಾಗಿ ಪುಟವನ್ನು ಮುರುಕಲು ಮಾಡುತ್ತದೆ. ಕರಾವಳಿಯ ತೇವಕ್ಕೆ ಪಿನ್ನುಗಳು ತುಕ್ಕು ಹಿಡಿಯುತ್ತವೆ, ಆ ಕಲೆ ನಡುಪುಟದವರೆಗೆ ಇಳಿಯುತ್ತದೆ. ಪಾಲಿಪ್ರೊಪಿಲೀನ್ ಚೀಲದಲ್ಲಿ, ಹಿಂದೆ ಆಮ್ಲರಹಿತ ರಟ್ಟು ಇಟ್ಟು, ಬಾಗದಂತೆ ನೇರವಾಗಿ ನಿಲ್ಲಿಸಿಡಿ. ನೆಲದಿಂದ ಎತ್ತರದಲ್ಲಿ, ಹೊರಗೋಡೆಗೆ ತಾಗದಂತೆ, ಬಿಸಿಲು ಬೀಳದ ಕಪಾಟಿರಲಿ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಮಳೆಗಾಲದಲ್ಲಿ ಮತ್ತೆ ಮತ್ತೆ ಬದಲಿಸಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಲೇಬೇಡಿ, ಅದರ ಅಂಟು ಕೆಲ ವರ್ಷಗಳಲ್ಲಿ ಕಂದು ಕಲೆಯಾಗಿ ಉಳಿಯುತ್ತದೆ. ಕಾರ್ಯಕ್ರಮದ ದಿನ ಮಕ್ಕಳು ಕೈ ತೊಳೆದು ಒರೆಸಿಕೊಂಡು ಮುಟ್ಟಿದರೆ ಸಾಕು. ಕೈಗವಸು ಹಾಕಿದರೆ ಪುಟದ ಅಂಚು ತಿಳಿಯದೆ ಹರಿಯುವುದೇ ಹೆಚ್ಚು.

ಮರುಪ್ರಶ್ನೆ – ಮೈಸೂರಿನಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಸ್ಪೈಡರ್‌ಮ್ಯಾನ್ ಜೋಡಿಯನ್ನೂ ‘ದಿ ಕಾರ್’ ಕಥೆಯನ್ನೂ ಆರಿಸಿಕೊಂಡಿದ್ದೇವೆ. ನಾಯಕಿಯರ ಸಂಚಿಕೆ ಒಂದೂ ಇಲ್ಲವಲ್ಲ ಎಂದು ಬಳಗದ ಹುಡುಗಿಯರು ಕೇಳುತ್ತಿದ್ದಾರೆ.

ಉತ್ತರ – ಧಾರವಾಡದಿಂದ

ಅವರು ಕೇಳಿದ್ದು ನ್ಯಾಯವಾದದ್ದೇ. ವಂಡರ್ ವುಮನ್ ಮೊದಲು ಕಾಣಿಸಿಕೊಂಡದ್ದು 1941ರ ಕೊನೆಯಲ್ಲಿ, ‘ಆಲ್ ಸ್ಟಾರ್ ಕಾಮಿಕ್ಸ್’ ಎಂಟನೆಯ ಸಂಚಿಕೆಯ ಹಿಂಭಾಗದಲ್ಲಿ ಸೇರಿಸಿದ ಕಥೆಯಾಗಿ. ಬರೆದವರು ಮನಶ್ಶಾಸ್ತ್ರಜ್ಞ ವಿಲಿಯಂ ಮೌಲ್ಟನ್ ಮಾರ್ಸ್ಟನ್, ಚಿತ್ರಿಸಿದವರು ಎಚ್. ಜಿ. ಪೀಟರ್. ಅವಳ ಸರಣಿಗಳ ಸಂಚಿಕೆಗಳನ್ನೆಲ್ಲ ಕೂಡಿಸಿ ಎಣಿಸಿ 2020ರ ಜನವರಿಯಲ್ಲಿ 750ನೆಯದೆಂದು ಹೊರತಂದ ದಪ್ಪ ಸಂಚಿಕೆಯಲ್ಲಿ ಬೇರೆ ಬೇರೆ ಲೇಖಕರ ಬಿಡಿ ಕಥೆಗಳಿವೆ, ಅದರಲ್ಲಿ ಹಲವರು ಮಹಿಳೆಯರು. ಅದರಿಂದ ಯಾವ ಕಥೆ ಬೇಕೆಂಬುದನ್ನು ತಾವು ಆರಿಸುವ ಬದಲು ಪುಸ್ತಕವನ್ನು ಮೊದಲೇ ಆ ಹುಡುಗಿಯರ ಕೈಗೆ ಕೊಟ್ಟು, ಅವರು ಆರಿಸಿದ್ದನ್ನು ಅವರಿಂದಲೇ ಓದಿಸಿ. ಕಾರ್ಯಕ್ರಮದಲ್ಲಿ ಅದಕ್ಕೆ ಮೊದಲ ಸ್ಥಾನ ಕೊಡಿ, ಕೊನೆಗೆ ಇಟ್ಟರೆ ಸಮಯ ಸಾಲುವುದಿಲ್ಲ.