ಪದ ಬೇಕು: ಮಕ್ಕಳ ಕುತ್ತಿಗೆ ಗಂಟಿನ ಎರಡು ಆಪರೇಷನ್‌ಗೆ

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಕರಪತ್ರ ಪ್ರೆಸ್‌ಗೆ ಹೋಗಬೇಕು. ದಾವಣಗೆರೆಗೆ ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರಿಗಾಗಿ. ಲಿಂಫ್ ನೋಡ್‌ಗೆ, ಅಂದರೆ ಸೋಂಕು ತಗುಲಿದಾಗ ಕುತ್ತಿಗೆಯಲ್ಲಿ ಊದುವ ಸಣ್ಣ ಗ್ರಂಥಿಗೆ, ಪಠ್ಯಪುಸ್ತಕದ ‘ದುಗ್ಧರಸ ಗ್ರಂಥಿ’ ಹಾಕಿದ್ದೆ. ಕರಡು ಓದಿದ ತಾಯಿಯೊಬ್ಬರು ದುಗ್ಧ ಅಂದರೇನು ಎಂದರು. ಹಾಲು ಅಂದೆ. ‘ಹಂಗಾದ್ರೆ ಮಗೂಗೆ ಹಾಲು ನಿಲ್ಲಿಸ್ಬೇಕಾ?’ ಎಂದು ಕೇಳಿದರು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಎರಡು ಬೇರೆ ಕೆಲಸಕ್ಕೆ ನಾವು ‘ಆಪರೇಷನ್’ ಅಂತ ಒಂದೇ ಮಾತು ಹೇಳುತ್ತೇವೆ. ಸ್ಟ್ಯಾಫಿಲೋಕಾಕಸ್, ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟು ದಿಢೀರನೆ ಊದಿ, ಆಂಟಿಬಯೋಟಿಕ್‌ಗೂ ಬಗ್ಗದೆ ಕೀವು ಕಟ್ಟಿದರೆ, ಸೂಜಿಯಿಂದ ಎಳೆಯುತ್ತಾರೆ ಇಲ್ಲವೇ ಕೊಯ್ದು ಕೀವು ಹೊರಬಿಡುತ್ತಾರೆ. ಆದರೆ ಮಣ್ಣು, ನೀರಿನಲ್ಲಿರುವ ಕೆಲವು ಬ್ಯಾಕ್ಟೀರಿಯಾ ಕ್ಷಯದ ರೋಗಾಣುವಿನ ಬಳಗದವು. ಅವು ಸಣ್ಣ ಮಕ್ಕಳ ದವಡೆಯ ಕೆಳಗೆ ಜಾಸ್ತಿ ನೋವಿಲ್ಲದ ಗಂಟು ಎಬ್ಬಿಸುತ್ತವೆ. ಅದನ್ನು ಸುಮ್ನೆ ಕೊಯ್ದು ಬಿಟ್ಟರೆ ಗಾಯ ಮಾಯದೆ ತಿಂಗಳುಗಟ್ಟಲೆ ಸೋರಬಹುದು. ಆಪರೇಷನ್ ಮಾಡುವುದಾದರೆ ಗಂಟನ್ನೇ ಇಡಿಯಾಗಿ ಬಿಡಿಸಿ ತೆಗೆಯಬೇಕು. ಕೆಳತುಟಿ ಆಡಿಸುವ ನರ ಅಲ್ಲೇ ಹಾದುಹೋಗುತ್ತದೆ, ಅದು ನಾಜೂಕಿನ ಕೆಲಸ. ಎರಡಕ್ಕೂ ಒಂದೊಂದು ಮಾತು ಕೊಡಿ.

ಮರು: ಚಿತ್ರದುರ್ಗದಿಂದ

ರೋಗಕ್ಕೆ ‘ಗಂಡಮಾಲೆ’ ಇದೆ. ಗಂಡ ಅಂದರೆ ಊತ, ‘ಗಳಗಂಡ’ದಲ್ಲಿ ಇರುವುದೂ ಅದೇ. ಕತ್ತಿನ ಸುತ್ತ ಮಾಲೆಯಾಗಿ ಗಂಟು ಏಳುವುದರಿಂದ ಆ ಹೆಸರು. ಆಪರೇಷನ್‌ಗೂ ಹುಡುಕಬೇಕಿಲ್ಲ. ಸುಶ್ರುತನ ಎಂಟು ಶಸ್ತ್ರಕರ್ಮಗಳಲ್ಲಿ ಸೀಳುವುದು ಭೇದ್ಯ, ಕತ್ತರಿಸಿ ತೆಗೆಯುವುದು ಛೇದ್ಯ. ‘ಭೇದನ’, ‘ಛೇದನ’ ಎಂದು ಹಾಕಿ. ಚರ್ಚೆಗೆ ಏನೂ ಉಳಿದಿಲ್ಲ.

ಮರು: ಹರಿಹರದಿಂದ

ಭೇದನ ಅಂದರೆ ನಮ್ಮ ಜನ ಭೇದಿ ಅಂದುಕೊಳ್ಳುತ್ತಾರೆ. ಬೇಡವೇ ಬೇಡ. ಗಂಡಮಾಲೆಯೂ ಬೇಡ. ಆ ಹೆಸರು ಕೇಳಿದರೆ ಹಿರಿಯರಿಗೆ ಕ್ಷಯದ ಗಂಟೇ ಕಣ್ಮುಂದೆ ಬರುವುದು. ಅದಕ್ಕೆ ಮುಖ್ಯವಾಗಿ ಬೇಕಿರುವುದು 6 ತಿಂಗಳ ಮಾತ್ರೆ, ಚಾಕು ಅಪರೂಪ. ಹೆಸರು ತಪ್ಪಿದರೆ ಚಿಕಿತ್ಸೆಯ ಲೆಕ್ಕವೂ ತಪ್ಪುತ್ತದೆ ಅಲ್ವಾ?

‘ಕುರು’ ಅನ್ನಿ. ಅಚ್ಚಕನ್ನಡದ ಮಾತು, ತಮಿಳಿನಲ್ಲೂ ಇದೆ. ಕಿಟೆಲ್‌ರ 1894ರ ನಿಘಂಟು ತೆಗೆದು ನೋಡಿ. ಕುರು ಏಳುತ್ತದೆ, ಹಣ್ಣಾಗುತ್ತದೆ, ಒಡೆಯುತ್ತದೆ. ಕ್ರಿಯಾಪದಗಳೆಲ್ಲ ಸಿದ್ಧ ಇವೆ. ಒಂದು ‘ಕುರು ಒಡೆಸುವುದು’, ಇನ್ನೊಂದು ‘ಗಂಟು ಕೀಳುವುದು’. ‘ದುಗ್ಧ’ವಂತೂ ಅರ್ಥದಲ್ಲೇ ತಪ್ಪು. ಲ್ಯಾಟಿನ್ನಿನ ಲಿಂಫಾ ಅಂದರೆ ತಿಳಿನೀರು. ಆ ರಸ ಹಾಲಿನ ಹಾಗೆ ಕಾಣುವುದು ಕರುಳಿನಿಂದ ಕೊಬ್ಬು ಹೊತ್ತು ತರುವಾಗ ಮಾತ್ರ. ಸಂಸ್ಕೃತದಲ್ಲಿದ್ದರೆ ಸಾಕು, ತಪ್ಪಾದರೂ ನಡೆಯುತ್ತದೆ ಅನ್ನುವ ಅಭ್ಯಾಸ ಬಿಡಬೇಕು.

ಮರು: ಚಿತ್ರದುರ್ಗದಿಂದ

ಕುರು ಚರ್ಮದ್ದು. ಇದು ಒಳಗಿನ ಗ್ರಂಥಿ. ಅಷ್ಟೂ ನೋಡದೆ ಬರೆಯಬೇಡಿ. ಆಪರೇಷನ್, ಪ್ರೆಸ್ ಎಲ್ಲವನ್ನೂ ತುಟಿಪಿಟಕ್ಕೆನ್ನದೆ ಒಪ್ಪಿದ್ದೀರಿ. ಸಾವಿರ ವರ್ಷ ಮನೆಯೊಳಗಿದ್ದ ಸಂಸ್ಕೃತ ಮಾತ್ರ ಹೊರಗಿನದೇ?

ಮರು: ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆ. ‘ಒಡೆಸುವುದು’ ನಾನು ಹಾಕಲಾರೆ ಸಾರ್. ಮನೆಯಲ್ಲೇ ಸೂಜಿ ಕಾಯಿಸಿ ಚುಚ್ಚಿ, ಗಾಯ ಕೆಡಿಸಿಕೊಂಡು ಬಂದ ಮಗುವನ್ನು ನೋಡಿದ್ದೇನೆ. ಆ ಪದ ಅದನ್ನೇ ಮಾಡಿ ಅಂದಹಾಗಾಗುತ್ತದೆ. ‘ಕೀಳುವುದು’ ಹಲ್ಲಿಗೆ ಸರಿ. ಆದರೆ ‘ಹಣ್ಣಾಗುವುದು’ ಬಹಳ ಚೆನ್ನಾಗಿದೆ. ಕೀವು ಕಟ್ಟಿ ಒತ್ತಿದರೆ ಮೆತ್ತಗಾಗುವ ಹಂತಕ್ಕೆ ಇಂಥ ಮಾತು ನನಗೆ ಹೊಳೆದೇ ಇರಲಿಲ್ಲ.

ಸದ್ಯ ಹೀಗೆ ಬರೆದಿದ್ದೇನೆ: ‘ಗಂಟು ಹಣ್ಣಾಗಿದ್ದರೆ ಕೊಯ್ದು ಕೀವು ತೆಗೆಯುತ್ತಾರೆ. ಕೆಲವು ಮಕ್ಕಳಿಗೆ ಗಂಟನ್ನೇ ಪೂರ್ತಿ ತೆಗೆಯಬೇಕಾಗುತ್ತದೆ. ಇವು ಎರಡು ಬೇರೆ ಆಪರೇಷನ್. ನಿಮ್ಮ ಮಗುವಿಗೆ ಯಾವುದು ಎಂದು ಡಾಕ್ಟರನ್ನು ಕೇಳಿ.’ ದುಗ್ಧರಸ ತೆಗೆದು ‘ಲಿಂಫ್ ಗಂಟು’ ಎಂದು ಒಂದೇ ಕಡೆ ಇಟ್ಟಿದ್ದೇನೆ.

ಇನ್ನೊಂದು ಮಾತು ಬಾಕಿ ಇದೆ. ಕೀವು ತೆಗೆದ ಮೇಲೆ ಗಾಯದ ಬಾಯಿ ಬೇಗ ಮುಚ್ಚದಿರಲೆಂದು ಒಳಗೆ ಗಾಜ್ ಬಟ್ಟೆಯ ಎಳೆ ಇಡುವುದುಂಟು. ಅದಕ್ಕೆ ‘ಬತ್ತಿ’ ಅಂದರೆ ನಿಮ್ಮ ಕಡೆ ತಿಳಿಯುತ್ತದೆಯೇ? ಬೆಳಿಗ್ಗೆ 10ರೊಳಗೆ ಹೇಳಿದರೆ ಸೇರಿಸುತ್ತೇನೆ.